ಲಗ್ನಪತ್ರಿಕೆ ಡಾಟ್ ಎಪಿಕೆ

ಕಣಕಟ್ಟೆಯ ಮೊಬೈಲ್ ಅಂಗಡಿ. ಅರಸೀಕೆರೆಯಲ್ಲಿ ಕೊಬ್ಬರಿ ಮಾರಿ ಬಂದ ಗೌಡ್ರು ಫೋನ್ ಚಾಚಿದರು. ಪರದೆ ಮೇಲೆ ವಿಭೂತಿ ಬೆರಳಚ್ಚು.

"ವಾಟ್ಸಾಪಲ್ಲಿ ಲಗ್ನಪತ್ರಿಕೆ ಬಂದೈತೆ, ತೆಗೆದುಕೊಡಪ್ಪ."

"ಮುಟ್ಬೇಡಿ ಗೌಡ್ರೇ, ಇದು ಎಪಿಕೆ, ಆ್ಯಪ್ ಹಾಕೋ ಫೈಲು! ಲಗ್ನಪತ್ರಿಕೆಗೆ ನಿಮ್ ಮೆಸೇಜ್ ಓದೋ ಪರ್ಮಿಷನ್ ಯಾಕೆ? ಓಟಿಪಿ ಕದ್ದು ಖಾತೆ ಗುಡಿಸ್ತಾರೆ. ಆಮೇಲೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಳ್ಬೇಕು."

"ಹಂಗಾರೆ ಪ್ಲೇ ಸ್ಟೋರ್ ಹೊರಗಿನ ಆ್ಯಪೆಲ್ಲ ಬಂದ್ ಮಾಡ್ಲಿ!"

"ಆ್ಯಪ್ ಬರೆದೋರ ಗುರುತು ಕೇಳ್ತೀವಿ ಅಂತ ಗೂಗಲ್ 2025ರಲ್ಲೇ ಹೇಳೈತೆ."

"ನನ್ ಮೊಮ್ಮಗ ಬರೆದ ಕೊಬ್ಬರಿ ಲೆಕ್ಕದ ಆ್ಯಪು?"

"ಅವನ್ದೂ ಕೇಳಿದ್ರೂ ಕೇಳ್ಬೋದು."

"ಅಮೆರಿಕದೋರಿಗ್ಯಾಕೆ? ಫೋನ್ ನಂದು, ದುಡ್ಡು ನಂದು!"

"ಈಗ್ತಾನೆ ಬಂದ್ ಮಾಡ್ಲಿ ಅಂದ್ರಿ?"

"ಅದು ಬೇರೆಯೋರ ಮೊಮ್ಮಕ್ಕಳದ್ದು. ಅದಿರ್ಲಿ, ಮುಹೂರ್ತ ಎಷ್ಟೊತ್ತಿಗಂತೆ? ಒಂದ್ಸಲ ಒತ್ತು, ನೋಡಾನ."