ಹೊಟ್ಟೆಯೊಳಗಿನ ಹೆಪ್ಪುಗಳಿಗೆ ಬಹಿರಂಗ ಪತ್ರ

ಇವರಿಗೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಟ್ಟೆಗಳಲ್ಲಿ ಠಿಕಾಣಿ ಹೂಡಿರುವ ಎಲ್ಲ ರಕ್ತಹೆಪ್ಪುಗಳಿಗೆ
ವಿಷಯ: ರೋಗಸಂಕೇತದ ಶಿಸ್ತು ಪಾಲಿಸುವ ಬಗ್ಗೆ

ಹೊಟ್ಟೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ದೇಹದ ಮಟ್ಟಿಗೆ ಕಾಯಿಲೆ, ಕಡತದ ಮಟ್ಟಿಗೆ ವಿಳಾಸ. ಆ ವಿಳಾಸ ಕೊಡುವುದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಒಪ್ಪಿದ ರೋಗ ವರ್ಗೀಕರಣ, ಐಸಿಡಿ-10. ಅದರಲ್ಲಿ ಜಾಗ ಸಿಗದ ಹೆಪ್ಪು ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ. ಆದಕಾರಣ ಹೆಪ್ಪುಗಳು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು.

ಕರುಳು ಮತ್ತು ಗುಲ್ಮದ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಿ ಕೂತ ಹೆಪ್ಪು ಐ81. ಯಕೃತ್ತಿನಿಂದ ರಕ್ತ ಹೊರಬೀಳುವ ದಾರಿಯಲ್ಲಿ ಕೂತರೆ ಬಡ್-ಕಿಯಾರಿ ಸಿಂಡ್ರೋಮ್, ಐ82.0. ಮಹಾಭಿಧಮನಿಯದು ಐ82.2, ಕಿಡ್ನಿಯದು ಐ82.3. ಗುಲ್ಮದ ಅಭಿಧಮನಿಗೆ ಸ್ವಂತ ಸಂಕೇತವಿಲ್ಲ, ಅದು ಐ82.8, ಅಂದರೆ ‘ಇತರೆ’. ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯಂತೆ ತನಗೂ ಒಂದು ಕಚೇರಿ ಬೇಕೆಂದು ಗುಲ್ಮ ಧರಣಿ ಕೂತ ದಾಖಲೆಯಿಲ್ಲ.

ಕರುಳಿನ ಮೆಸೆಂಟರಿಕ್ ಅಭಿಧಮನಿಯ ಹೆಪ್ಪು ರಕ್ತನಾಳದಲ್ಲೇ ಇದ್ದರೂ ರಕ್ತಪರಿಚಲನೆಯ ಅಧ್ಯಾಯದಲ್ಲಿ ಇರುವಂತಿಲ್ಲ. ದಿಢೀರನೆ ಕಾಣಿಸಿಕೊಂಡದ್ದು ಜೀರ್ಣಾಂಗಗಳ ಅಧ್ಯಾಯಕ್ಕೆ, ಕೆ55.0ಗೆ ವರ್ಗ, ಅಲ್ಲಿ ಅಪಧಮನಿಯ ಹೆಪ್ಪಿನೊಂದಿಗೆ ಸಹವಾಸ. ಪೋರ್ಟಲ್ ಅಭಿಧಮನಿಯ ಉರಿಯೂತ ಕೆ75.1. ಪೋರ್ಟಲ್ ಅಭಿಧಮನಿಯಲ್ಲಿ ಮೊನ್ನೆ ಕಟ್ಟಿದ ಹೆಪ್ಪಿಗೂ ವರ್ಷಗಟ್ಟಲೆ ಹಳೆಯದಕ್ಕೂ ಐ81 ಒಂದೇ. ಚಿಕಿತ್ಸೆ ಬೇರೆಯಾದರೆ ಅದು ವೈದ್ಯರ ತಲೆನೋವು.

ಹೆಪ್ಪುಗಳ ಮೇಲಿರುವ ಮುಖ್ಯ ಆರೋಪ ಗುರುತು ಮರೆಸುವುದು. ರೋಗಿ ‘ಹೊಟ್ಟಿ ಬ್ಯಾನಿ’ ಎನ್ನುತ್ತಾನೆ, ಕಡತ ಆರ್10 ಎನ್ನುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದರೆ ಆರ್18. ಎರಡೂ ಬರೀ ಲಕ್ಷಣದ ಸಂಕೇತಗಳು. ಡಾಪ್ಲರ್ ಅಥವಾ ಸಿಟಿ ಸ್ಕ್ಯಾನ್ ಆಗುವವರೆಗೆ ಹೆಪ್ಪು ಇದ್ದೂ ಇಲ್ಲ. ಹುಕ್ಕೇರಿಯಲ್ಲಿ ಆರ್10 ಆಗಿ ಬಸ್ಸು ಹತ್ತಿದ ಕಾಯಿಲೆ ಬೆಳಗಾವಿಯಲ್ಲಿ ಐ81 ಆಗಿ ಇಳಿಯಬಹುದು. ಟಿಕೆಟ್ಟು ರೋಗಿಯದು, ಬಡ್ತಿ ಸಂಕೇತದ್ದು. ಇನ್ನು ಮುಂದೆ ಹೆಪ್ಪುಗಳು ನೋವು ಶುರುಮಾಡುವ ಮೊದಲೇ ತಾವು ಕೂತ ನಾಳದ ಹೆಸರನ್ನು ಲಿಖಿತವಾಗಿ ತಿಳಿಸತಕ್ಕದ್ದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಚಿಕಿತ್ಸಾ ಪ್ಯಾಕೇಜುಗಳಿಗೆ ಬೇರೆಯದೇ ಸಂಕೇತಗಳಿರುವುದರಿಂದ ಅರ್ಜಿ ದ್ವಿಪ್ರತಿಯಲ್ಲಿರಲಿ.

ರೋಗಿ ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರ, ನಮೂನೆ 4 ಬರುತ್ತದೆ. ಮೇಲಿನ ಸಾಲಿನಲ್ಲಿ ಕೊನೆಗೆ ಬಂದ ತೊಂದರೆ, ಕೆಳಸಾಲಿನಲ್ಲಿ ಅದಕ್ಕೆಲ್ಲ ಮೂಲವಾದ ರೋಗ. ಅಂಕಿಅಂಶಕ್ಕೆ ಹೋಗುವುದು ಮೂಲ ಕಾರಣ. ಸಿರೋಸಿಸ್‌ನಿಂದ ಹುಟ್ಟಿದ ಹೆಪ್ಪು ಜೀವ ತೆಗೆದರೂ ಪಟ್ಟಿಯಲ್ಲಿ ಹೆಸರು ಸಿರೋಸಿಸ್‌ನದೇ. ಕೀರ್ತಿ ಬೇಕೆನ್ನುವ ಹೆಪ್ಪು ಹಳೆಯ ಕಾಯಿಲೆಯಿಲ್ಲದ ಹೊಟ್ಟೆ ಹುಡುಕಿಕೊಳ್ಳುವುದು.

2022ರ ಜನವರಿ 1ರಿಂದ ಐಸಿಡಿ-11 ಜಾರಿಗೆ ಬಂದಿದೆ. ಅದರಲ್ಲಿ ಪೋರ್ಟಲ್ ಹೆಪ್ಪು ಯಕೃತ್ತಿನ ರಕ್ತನಾಳಗಳ ಕಾಯಿಲೆಗಳ ಸಾಲಿಗೆ ವರ್ಗವಾಗಿದೆ. ಹೊಟ್ಟೆಯಲ್ಲಿ ಅದು ಇದ್ದಲ್ಲೇ ಇದೆ. ಹಳೆಯ ಕಡತದಿಂದ ಬಿಡುಗಡೆಯ ಆದೇಶ ಕೈಸೇರುವವರೆಗೆ, ಹೆಪಾರಿನ್ ಕೊಟ್ಟರೂ ಸರಿ, ಯಾವ ಹೆಪ್ಪೂ ಕರಗತಕ್ಕದ್ದಲ್ಲ.

ಇಂತಿ,
ಕಡತ