ಸರ್ವಸ್ವೈಪ ಮೀಮಾಂಸೆ

ಡೇಟಿಂಗ್ ಆ್ಯಪಿನಲ್ಲಿ ಕಂಡ ಮುಖವನ್ನೆಲ್ಲ ಬಲಕ್ಕೆ ತಳ್ಳುವ ಪುರುಷನನ್ನು ಈ ಪ್ರಬಂಧದಲ್ಲಿ ‘ಸರ್ವಾನುಮೋದಕ’ ಎಂದು ಕರೆಯಲಾಗಿದೆ. ಇವನ ಲಕ್ಷಣ: ಹೆಬ್ಬೆರಳು ಓಡುತ್ತಿರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ವೀಕ್ಷಣೆಗೆ ಪ್ರಶಸ್ತ ಸ್ಥಳ ನಮ್ಮ ಮೆಟ್ರೊದ ನೇರಳೆ ಮಾರ್ಗ, ಸಂಜೆಯ ವೇಳೆ. ಮೆಜೆಸ್ಟಿಕ್‌ನಲ್ಲಿ ಹತ್ತಿ ಕಂಬಕ್ಕೊರಗಿದ ಒಂದು ಮಾದರಿಯು ಇಂದಿರಾನಗರ ಬರುವಷ್ಟರಲ್ಲಿ ಒಬ್ಬ ದಂತವೈದ್ಯೆ, ಒಬ್ಬ ಕಥಕ್ ಕಲಾವಿದೆ, ‘ಬರೀ ಸ್ನೇಹಕ್ಕೆ’ ಎಂದು ಬರೆದುಕೊಂಡ ಇಬ್ಬರು ಹಾಗೂ ನಡುವೆ ನುಸುಳಿದ ಒಂದು ಶಾಂಪೂ ಜಾಹೀರಾತನ್ನು ಸಮಾನ ಶ್ರದ್ಧೆಯಿಂದ ಬಲಕ್ಕೆ ಸರಿಸಿದ್ದನ್ನು ಪ್ರಬಂಧಕಾರರು ಅವನ ಭುಜದ ಮೇಲಿಂದ ದಾಖಲಿಸಿಕೊಂಡಿದ್ದಾರೆ. (ಇನ್ನೊಬ್ಬರ ಫೋನಿಗೆ ಇಣುಕುವುದು ಅಸಭ್ಯ. ಕ್ಷೇತ್ರಕಾರ್ಯ ಎಂದರೆ ಅಡ್ಡಿಯಿಲ್ಲ.)

ಪೂರ್ವಪಕ್ಷ: ಜಾತಿ, ಗೋತ್ರ, ಜಾತಕ, ಸಂಬಳ ಯಾವುದನ್ನೂ ಕೇಳದೆ ಎಲ್ಲರನ್ನೂ ಒಪ್ಪಿದವನು ಸ್ಥಿತಪ್ರಜ್ಞನಲ್ಲವೇ? ಅಲ್ಲ. ಸ್ಥಿತಪ್ರಜ್ಞನಿಗೆ ಫಲದ ಆಸೆಯಿಲ್ಲ. ಇವನು ಎರಡು ನಿಮಿಷಕ್ಕೊಮ್ಮೆ ಮ್ಯಾಚ್ ಬಂತೇ ಎಂದು ನೋಡುತ್ತಾನೆ.

ಗಣಿತಶಾಸ್ತ್ರಕ್ಕೂ ಇವನಿಂದ ನಷ್ಟವಾಗಿದೆ. ಎಷ್ಟು ವರರೋ ಅಷ್ಟೇ ವಧುಗಳಿದ್ದರೆ ಮುರಿದುಬೀಳದಂಥ ಜೋಡಿಗಳನ್ನು ಕೂಡಿಸಲು ಸಾಧ್ಯವೆಂದು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಸಾಧಿಸಿದರು. ವರ ತನ್ನ ಪಟ್ಟಿಯ ಮೊದಲ ಹೆಸರಿನಿಂದ ಒಬ್ಬೊಬ್ಬರನ್ನೇ ಕೇಳುತ್ತ ಇಳಿಯಬೇಕು. ವಧು ಬಂದವರಲ್ಲಿ ಮೇಲಾದವನನ್ನು ಹಿಡಿದಿಟ್ಟು ಉಳಿದವರನ್ನು ಸಾಗಹಾಕಬೇಕು. ಶಾಪ್ಲಿಯವರಿಗೆ ನೊಬೆಲ್ ಬಂದದ್ದು 2012ರಲ್ಲಿ, ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಬಂದದ್ದೂ ಅದೇ ವರ್ಷ. ಪ್ರಮೇಯ ನಿಲ್ಲಬೇಕಾದರೆ ವರನ ಬಳಿ ಪಟ್ಟಿ ಇರಬೇಕು. ನಮ್ಮವನ ಬಳಿ ಇರುವುದು ಹೆಬ್ಬೆರಳು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಗ್ಯಾರೆತ್ ಟೈಸನ್ ಮತ್ತು ಸಂಗಡಿಗರು 2016ರಲ್ಲಿ ಟಿಂಡರಿನ ಮೇಲೆ ಪ್ರಬಂಧ ಬರೆದು ಈ ರೋಗದ ಮೂಲ ಹಿಡಿದರು. ಮ್ಯಾಚ್ ಸಿಗದ ಗಂಡಸು ಇನ್ನಷ್ಟು ಜನರನ್ನು ಬಲಕ್ಕೆ ತಳ್ಳುತ್ತಾನೆ. ತಾನು ತಳ್ಳಿದವರೆಲ್ಲ ಮ್ಯಾಚ್ ಆಗುವುದನ್ನು ಕಂಡ ಹೆಂಗಸು ಇನ್ನಷ್ಟು ಬಿಗಿಯಾಗುತ್ತಾಳೆ. ಅವಳು ಆರಿಸಿದಷ್ಟೂ ಇವನು ಎರಚುತ್ತಾನೆ, ಇವನು ಎರಚಿದಷ್ಟೂ ಅವಳು ಆರಿಸುತ್ತಾಳೆ. ಗಂಡಸರ ಸಂದೇಶದ ಉದ್ದದ ಮಧ್ಯಾಂಕ 12 ಅಕ್ಷರ, ಹೆಂಗಸರದು 122 ಎಂಬುದೂ ಅಲ್ಲೇ ಇದೆ.

ಹನ್ನೆರಡು ಅಕ್ಷರವೂ ದುಂದುವೆಚ್ಚವೆಂಬುದು ಬೆಂಗಳೂರು ಶಾಖೆಯ ಮತ. ‘ದಯವಿಟ್ಟು ಬರೀ ಹಾಯ್ ಅಂತ ಕಳಿಸಬೇಡಿ’ ಎಂದು ಬರೆದುಕೊಂಡವಳಿಗೆ ಬಂದದ್ದು: ‘ಹಾಯ್’. ಉತ್ತರವಿಲ್ಲ. ‘??’ ಉತ್ತರವಿಲ್ಲ. ‘ಬ್ಯುಸಿನಾ?’ ಮರುದಿನ ಮಧ್ಯಾಹ್ನ, ‘ಊಟ ಆಯ್ತಾ?’ ಈ ಶಾಖೆಯಲ್ಲೇ ಶ್ರೀಮಂತ ಪಂಥವೊಂದಿದೆ. ಅದು ‘ನಿಮ್ಮ ಕಣ್ಣುಗಳು ಏನೋ ಹೇಳ್ತಿವೆ’ ಎಂಬ ಒಂದೇ ವಾಕ್ಯವನ್ನು ಕಾಪಿ ಮಾಡಿಟ್ಟುಕೊಂಡು ಎಲ್ಲರಿಗೂ ಅಂಟಿಸುತ್ತದೆ. ಕೂಲಿಂಗ್ ಗ್ಲಾಸ್ ಹಾಕಿದವಳಿಗೂ ಅದೇ, ತನ್ನ ಬದಲು ನಾಯಿಯ ಫೋಟೊ ಹಾಕಿದವಳಿಗೂ ಅದೇ. ನಾಯಿಯ ವಿಷಯದಲ್ಲಿ ಮಾತ್ರ ವಾಕ್ಯ ನಿಜವಿರಬಹುದು.

ಚಿಕಿತ್ಸೆಗಳು ನಡೆದಿವೆ. 2015ರಲ್ಲಿ ಟಿಂಡರ್ ಬಿಟ್ಟಿ ಬಳಕೆದಾರರ ರೈಟ್ ಸ್ವೈಪಿಗೆ ಮಿತಿ ಹಾಕಿತು. ದುಡ್ಡು ಕಟ್ಟಿದವರಿಗೆ ಮಿತಿಯಿಲ್ಲ. ಪಾಪಕ್ಕೆ ಪ್ರಾಯಶ್ಚಿತ್ತ ಸಿಗಲಿಲ್ಲ, ಪಾಸು ಸಿಕ್ಕಿತು. 2014ರಲ್ಲಿ ಶುರುವಾದ ಬಂಬಲ್, ಗಂಡು–ಹೆಣ್ಣು ಮ್ಯಾಚ್ ಆದರೆ ಮೊದಲ ಮಾತು ಹೆಣ್ಣಿನದೇ ಎಂದು ಕಟ್ಟಳೆ ಮಾಡಿತು. ಅದರಿಂದ ‘ಹಾಯ್’ ಹತೋಟಿಗೆ ಬಂತು, ಹೆಬ್ಬೆರಳು ಬರಲಿಲ್ಲ.

ಹಾಗಾದರೆ ಸರ್ವಾನುಮೋದಕ ಮುಖ ನೋಡುವುದು ಯಾವಾಗ? ಮ್ಯಾಚ್ ಆದ ಮೇಲೆ. ಅವಳು ಇವನ ‘ಬಿರಿಯಾನಿ, ಬುಲೆಟ್, ಅಮ್ಮ’ ಎಂಬ ಆತ್ಮಚರಿತ್ರೆಯನ್ನು ಪೂರ್ತಿ ಓದಿ, ಕುದುರೆಮುಖದ ಫೋಟೊ ಗುರುತಿಸಿ, ನಾಲ್ಕು ಸಾಲು ಬರೆದಿರುತ್ತಾಳೆ. ಆಗ ಇವನು ಮೊದಲ ಸಲ ಅವಳ ಫೋಟೊ ದೊಡ್ಡದು ಮಾಡಿ ನೋಡುತ್ತಾನೆ, ಅನ್‌ಮ್ಯಾಚ್ ಒತ್ತುತ್ತಾನೆ. ಹಿಂದೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಏಳುತ್ತಿದ್ದರು. ಕಾಗದ ಬರುವುದಿಲ್ಲವೆಂದು ಎರಡೂ ಮನೆಯವರಿಗೆ ಗೊತ್ತಿರುತ್ತಿತ್ತು. ಆದರೂ ಆ ಸುಳ್ಳು ಹೇಳುವ ಹೊತ್ತಿಗೆ ಹುಡುಗಿಯ ಮುಖವನ್ನಾದರೂ ನೋಡಿರುತ್ತಿದ್ದರು.