ಮಂಜು ಕರಗುವ ಮೊದಲೇ ವಸಂತ

ಮಿಷಿಗನ್ನಿನ ಯಾವ ಸಾರ್ವಜನಿಕ ಗಾಲ್ಫ್ ಕೋರ್ಸಿಗೆ ಹೋದರೂ ಇವನೊಬ್ಬ ಸಿಕ್ಕೇ ಸಿಗುತ್ತಾನೆ. ವಯಸ್ಸು ಮೂವತ್ತರ ಒಳಗೆ. ಹುದ್ದೆ ಅಸಿಸ್ಟೆಂಟ್ ಪ್ರೊ. ಅಂದರೆ ಅಂಗಡಿಯಲ್ಲಿ ಗ್ಲೌಸು ಮಾರಬೇಕು, ಫೋನಿನಲ್ಲಿ ಟೀ ಟೈಮ್, ಅಂದರೆ ಯಾರ ಆಟ ಎಷ್ಟು ಹೊತ್ತಿಗೆ ಶುರು ಎಂದು, ಬರೆದುಕೊಳ್ಳಬೇಕು, ಅಭ್ಯಾಸದವರು ಚೆಲ್ಲಾಪಿಲ್ಲಿ ಮಾಡಿದ ಚೆಂಡುಗಳನ್ನು ಗಾಡಿ ಓಡಿಸಿ ಬಾಚಿಕೊಂಡು ಬರಬೇಕು, ಶನಿವಾರ ಮಕ್ಕಳಿಗೆ ಪಾಠ ಹೇಳಬೇಕು. ಇಷ್ಟು ಸಾಲದೆಂದು ಒಂದು ದಿನ ಮ್ಯಾನೇಜರ್ ಕರೆದು, "ನಿಂಗೆ ಈ ಇನ್‌ಸ್ಟಾಗ್ರಾಮ್ ಎಲ್ಲಾ ಗೊತ್ತಲ್ಲ, ಅದನ್ನೂ ನೋಡ್ಕೊಂಡ್ಬಿಡು" ಅಂದಿರುತ್ತಾನೆ. ಸಂಬಳ ಏರಿರುವುದಿಲ್ಲ. ಕೆಲಸ ಗೊತ್ತಿದೆ ಎಂದು ತೋರಿಸಿಕೊಂಡವನ ತಲೆಗೇ ಕೆಲಸ ಕಟ್ಟುವ ಪದ್ಧತಿ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಅಂದುಕೊಂಡಿದ್ದವರು ಅಮೆರಿಕವನ್ನು ಸರಿಯಾಗಿ ನೋಡಿಲ್ಲ.

ಇವನ ವಸಂತ ಶುರುವಾಗುವುದು ಫೆಬ್ರವರಿ 2ಕ್ಕೆ. ಅವತ್ತು ಪೆನ್ಸಿಲ್ವೇನಿಯಾದಲ್ಲಿ ಟೋಪಿ ಹಾಕಿಕೊಂಡ ಹಿರಿಯರೆಲ್ಲ ಸೇರಿ ಗ್ರೌಂಡ್‌ಹಾಗ್ ಎಂಬ ದಪ್ಪ ಪ್ರಾಣಿಯೊಂದನ್ನು ಹೊರಗೆತ್ತುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ, ಕಾಣದಿದ್ದರೆ ವಸಂತ ಬೇಗ. ನೆರಳು ಕಾಣಲಿಲ್ಲವೋ, ಇವನ ಪೋಸ್ಟು: "ವಸಂತ ಬಂದೇಬಿಟ್ಟಿತು, ಸೀಸನ್ ಪಾಸ್ ತಗೊಳ್ಳಿ!" ಕಂಡಿತೋ: "ಆರೇ ಆರು ವಾರ ಉಳಿದಿದೆ, ಸೀಸನ್ ಪಾಸ್ ತಗೊಳ್ಳಿ!" ಹೊರಗೆ ಮೊಣಕಾಲುದ್ದ ಹಿಮ. ಪಾರ್ಕಿಂಗಿನಲ್ಲಿ ತನ್ನದೇ ಕಾರು ಯಾವುದೆಂದು ಇವನಿಗೆ ಗೊತ್ತಾಗುತ್ತಿಲ್ಲ.

ಪೋಸ್ಟಿನ ಜೊತೆಗಿನ ಚಿತ್ರ ಮಾತ್ರ ಕಣ್ಣು ಕುಕ್ಕುವ ಹಸಿರು. ಹೋದ ಜುಲೈ ಸಂಜೆ ಡ್ರೋನ್ ಹಾರಿಸಿ ತೆಗೆದದ್ದು. ಮೇಪಲ್ ಮರಗಳ ತುಂಬ ಎಲೆ, ಹುಲ್ಲಿನ ಮೇಲೆ ಉದ್ದುದ್ದ ನೆರಳು. ತಲೆಯಲ್ಲಿ ಕೂದಲಿದ್ದ ಕಾಲದ ಫೋಟೋವನ್ನು ಹೆಣ್ಣಿನ ಕಡೆಯವರಿಗೆ ಕಳಿಸುವ ವರನ ಹಾಗೆ ಇವನೂ ಪೂರ್ತಿ ಸುಳ್ಳೇನೂ ಹೇಳುತ್ತಿಲ್ಲ. ಫೋಟೋದಲ್ಲಿರುವುದು ಅದೇ ಕೋರ್ಸು, ಅದೇ ಏಳನೇ ಹೋಲು. ತಿಂಗಳು ಯಾವುದೆಂದು ಯಾರೂ ಕೇಳಲಿಲ್ಲ, ಇವನು ಹೇಳಲಿಲ್ಲ. ಮಾರ್ಚಿನಲ್ಲಿ ಹೊಸ ಚಿತ್ರ ತೆಗೆಯಲೇಬೇಕಾದಾಗ ಕೆನಡಾ ಹೆಬ್ಬಾತುಗಳು ಅಡ್ಡ ಬರುತ್ತವೆ. ಹಕ್ಕಿಗಳು ನೋಡಲು ಚೆಂದವೇ. ಅವು ಫೇರ್‌ವೇ ತುಂಬ ಬಿಟ್ಟುಹೋಗುವುದನ್ನು ಚಿತ್ರದಿಂದ ಕತ್ತರಿಸಿ ತೆಗೆಯುವುದರಲ್ಲೇ ಇವನ ಅರ್ಧ ದಿನ ಕಳೆಯುತ್ತದೆ.

ಇವನ ಪರಮ ವೈರಿ ಹುಲ್ಲು ನೋಡಿಕೊಳ್ಳುವ ಸೂಪರಿಂಟೆಂಡೆಂಟ್. ನಸುಕಿನಲ್ಲೇ ಎದ್ದು ಮಣ್ಣಿಗೆ ಥರ್ಮಾಮೀಟರ್ ಚುಚ್ಚುವ ಆಸಾಮಿ. ಮಣ್ಣು 50 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬರುವವರೆಗೆ, ನಮ್ಮ ಲೆಕ್ಕದಲ್ಲಿ 10 ಸೆಲ್ಸಿಯಸ್, ಈ ಸೀಮೆಯ ಹುಲ್ಲು ಸರಿಯಾಗಿ ಚಿಗುರುವುದಿಲ್ಲ; ಕಂದು ಬಣ್ಣಕ್ಕೆ ತಿರುಗಿ ಮಲಗಿಯೇ ಇರುತ್ತದೆ. ಹುಡುಗ ಫೋನಿನ ಕ್ಯಾಲೆಂಡರ್ ನೋಡಿ ದಿನ ಹೇಳುತ್ತಾನೆ, ಸೂಪರಿಂಟೆಂಡೆಂಟ್ ಮಣ್ಣು ನೋಡಿ ಆಗಲ್ಲ ಅನ್ನುತ್ತಾನೆ. ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿದ್ದರೆ ಮುಗಿಯಿತು, ಯಾರೂ ಕಾಲಿಡುವಂತಿಲ್ಲ. ತುಳಿದರೆ ಎಸಳಿನೊಳಗಿನ ಕೋಶಗಳು ಒಡೆದು, ಹೋದವರ ಹೆಜ್ಜೆಗಳೆಲ್ಲ ಕಪ್ಪಗೆ ಮೂಡಿ ದಿನಗಟ್ಟಲೆ ಉಳಿಯುತ್ತವೆ. ಏಳು ಗಂಟೆಗೆ ನಾಲ್ಕು ಜನ ಬಂದು ನಿಂತಿರುತ್ತಾರೆ. ಇವನ ಪೋಸ್ಟು: "ಎಂಥಾ ಸುಂದರ ಮುಂಜಾವು! ಒಂಬತ್ತರವರೆಗೆ ಫ್ರಾಸ್ಟ್ ಡಿಲೇ, ಅಲ್ಲಿಯವರೆಗೆ ಬಿಸಿ ಬಿಸಿ ಕಾಫಿ!" ಒಂಬತ್ತಕ್ಕೆ ಅದು ಹತ್ತಾಗುತ್ತದೆ. ಕಾಫಿಗೆ ದುಡ್ಡು ಬೇರೆ.

ಇನ್ನೊಂದು ಗುಟ್ಟಿದೆ. ವಸಂತದಲ್ಲಿ ಗ್ರೀನುಗಳಿಗೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿಗೆ, ತೂತು ಕೊರೆಯುತ್ತಾರೆ. ಜನ ತುಳಿದು ಗಟ್ಟಿಯಾದ ನೆಲದಲ್ಲಿ ಬೇರಿಗೆ ಗಾಳಿ, ನೀರು ಸಿಗಲೆಂದು ಯಂತ್ರದಿಂದ ಅರ್ಧ ಇಂಚು ಅಗಲದ ಸಾವಿರಾರು ತೂತು ಮಾಡಿ ಮರಳು ತುಂಬುವುದು. ಹುಲ್ಲಿಗೆ ಒಳ್ಳೆಯದು, ಆಡುವವನಿಗೆ ಕರ್ಮ. ಚೆಂಡಿನ ಅಗಲ 1.68 ಇಂಚು, ಅದು ಬೀಳಬೇಕಾದ ಕುಳಿ 4.25 ಇಂಚು, ನಡುವಿನ ದಾರಿಯಲ್ಲಿ ಚೆಂಡು ಕುಂಟುತ್ತ, ಎಗರುತ್ತ, ಕೊನೆಗೆ ಪಕ್ಕಕ್ಕೆ ಹೊರಳಿ ಹೋಗುತ್ತದೆ. ಆ ವಾರ ಇವನ ಪೋಸ್ಟುಗಳಲ್ಲಿ ಗ್ರೀನೇ ಇರುವುದಿಲ್ಲ. ಬರ್ಗರ್ ಇರುತ್ತದೆ, ಹೊಸ ಕಾರ್ಟು ಇರುತ್ತದೆ, ಮ್ಯಾನೇಜರರ ನಾಯಿ ಇರುತ್ತದೆ. "ಗ್ರೀನ್ ಪಂಚ್ ಮಾಡಿದ್ದೀರಾ?" ಎಂದು ಹಳೆಯ ಗಿರಾಕಿ ಕಾಮೆಂಟಿನಲ್ಲಿ ಕೇಳುತ್ತಾನೆ. ಇವನು ಅದಕ್ಕೊಂದು ಹೃದಯ ಒತ್ತಿ ಸುಮ್ಮನಾಗುತ್ತಾನೆ.

ಏಪ್ರಿಲ್ ಬಂತೆಂದರೆ ಮಾಸ್ಟರ್ಸ್. ಜಾರ್ಜಿಯಾದ ಆಗಸ್ಟಾದಲ್ಲಿ 1934ರಿಂದ ನಡೆಯುತ್ತಿರುವ ಪಂದ್ಯ. ಆ ಜಾಗದಲ್ಲಿ ಹಿಂದೆ ನರ್ಸರಿ ಇತ್ತು. ಈಗಲೂ ಹದಿನೆಂಟು ಹೋಲುಗಳಿಗೂ ಒಂದೊಂದು ಗಿಡದ ಹೆಸರು, ಹದಿಮೂರನೆಯದು ಅಜೇಲಿಯಾ. ಅಲ್ಲಿಯ ಹೂವು, ಹಸಿರು ನಾಲ್ಕು ದಿನ ಟೀವಿಯಲ್ಲಿ ಸುರಿಯುತ್ತಿದ್ದರೆ, ಕಂಬಳಿ ಹೊದ್ದು ಕೂತ ಮಿಷಿಗನ್ನಿನ ಗಂಡಸರ ಅಂಗೈ ತುರಿಸತೊಡಗುತ್ತದೆ. ಇವನ ಇಡೀ ವರ್ಷದ ಪ್ರಚಾರ ಮಾಡದ್ದನ್ನು ಆ ಒಂದು ಭಾನುವಾರ ಮಾಡಿ ಮುಗಿಸುತ್ತದೆ. ಅಷ್ಟಾಗಿಯೂ ಅಲ್ಲಿ ಪ್ರೇಕ್ಷಕರು ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಈ ಸಂಗತಿಯನ್ನು ಇವನ ಮುಂದೆ ಎತ್ತಬಾರದು, ಮುಖ ಸಣ್ಣದಾಗುತ್ತದೆ.

ಬಲೆಗೆ ಬೀಳುವವರಲ್ಲಿ ನಮ್ಮವರೂ ಇದ್ದಾರೆ. ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಯುಗಾದಿಯ ಬೇವುಬೆಲ್ಲವನ್ನು ಹೀಟರ್ ಪಕ್ಕದಲ್ಲಿ ಕೂತು ತಿಂದವರು; ಪಂಚಾಂಗದ ವಸಂತಕ್ಕೂ ಕಿಟಕಿಯಾಚೆಗೂ ಸಂಬಂಧವಿಲ್ಲವೆಂದು ಅವರಿಗೆ ಗೊತ್ತಿರಬೇಕಿತ್ತು. ಆದರೂ ಹೋಗುತ್ತಾರೆ. ಬೆಂಗಳೂರಿನಲ್ಲಿ 1876ರಿಂದ ಇರುವ ಗಾಲ್ಫ್ ಕ್ಲಬ್ಬನ್ನು ಸ್ಯಾಂಕಿ ರಸ್ತೆಯ ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವನಿಗೆ, ದುಡ್ಡು ಕೊಟ್ಟ ಯಾರನ್ನೂ ಒಳಗೆ ಬಿಡುವ ಕೋರ್ಸು ಸಿಕ್ಕರೆ ತಡೆದುಕೊಳ್ಳುವುದು ಕಷ್ಟ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದ ಮೇಲಂತೂ ಇದು ನಮ್ಮೂರ ಆಟವೇ ಎಂಬ ಧೈರ್ಯ ಬೇರೆ ಬಂದಿದೆ.

ನಮ್ಮ ಬೀದಿಯ ಹಾಸನದ ಅಳಿಯ ಹಾಗೇ ಹೋದ. ಮೂರು ಚೆಂಡು ಹೊಂಡಕ್ಕೆ, ಎರಡು ಪೊದೆಗೆ. ಆದರೂ ಕೋಲು ಹೆಗಲ ಮೇಲಿಟ್ಟು, ತುಟಿ ನೀಲಿಗಟ್ಟಿದ್ದರೂ ನಗುತ್ತ ನಿಂತ ಫೋಟೋ ತೆಗೆಸಿಕೊಂಡು ಕೋರ್ಸನ್ನು ಟ್ಯಾಗ್ ಮಾಡಿದ. ಗಿರಾಕಿಯೇ ಹಾಕಿದ ಚಿತ್ರವೆಂದರೆ ಪ್ರಚಾರದವನಿಗೆ ಬಂಗಾರ. ಇವನು ಹಿಂದೆಮುಂದೆ ನೋಡದೆ ಕೋರ್ಸಿನ ಪುಟದಲ್ಲೂ ಅದನ್ನು ಹಾಕಿಬಿಟ್ಟ. ಕತ್ತರಿಸುವುದು ಮರೆತಿತ್ತು.

ಮೊದಲ ಕಾಮೆಂಟು ಹಾಸನದಿಂದ ಬಂತು, ಅತ್ತೆಯವರದು, ಅಚ್ಚಕನ್ನಡದಲ್ಲಿ: "ಅಳಿಯಂದ್ರೆ, ಹುಲ್ಲೆಲ್ಲಾ ಒಣಗಿಹೋಗಿದೆಯಲ್ಲ, ಅಲ್ಲಿ ನೀರು ಬಿಡೋರು ಯಾರೂ ಇಲ್ವಾ? ಹೆಬ್ಬಾತುಗಳು ಗಲೀಜು ಮಾಡಿವೆ, ಕಾಲು ನೋಡ್ಕೊಂಡು ಇಡಿ. ತಲೆಗೆ ಟೋಪಿ ಎಲ್ಲಿ?"

ಕೋರ್ಸಿನ ಉತ್ತರ ಬರಲು ಐದು ನಿಮಿಷವೂ ಆಗಲಿಲ್ಲ. ಮೂರು ಹಸಿರು ಹೃದಯ, ಒಂದು ಬಾವುಟ: "ಮೆಚ್ಚಿದ್ದಕ್ಕೆ ಥ್ಯಾಂಕ್ಯೂ! ನಿಮಗೂ ಭಾನುವಾರ ಎರಡು ಗಂಟೆಯ ಮೇಲೆ ಟೀ ಟೈಮ್ ಖಾಲಿ ಇದೆ."